ಆರು ವರ್ಷದ ಮರ

ಹಳಿಯಾಳದ ನಮ್ಮ ಮನೆಯ ತಲೆಬಾಗಿಲು ಸಾಗವಾನಿಯದು. ಅಜ್ಜ ಹಾಕಿಸಿದ್ದು. ದೆಹಲಿಯ ನಮ್ಮ ಫ್ಲ್ಯಾಟಿನಲ್ಲಿ ಬಾಗಿಲು, ಕಪಾಟು, ಮಂಚ ಎಲ್ಲ ಪ್ಲೈವುಡ್. ಊರಿಂದ ಬಂದ ಅಣ್ಣ ಕಪಾಟನ್ನು ಬೆರಳಿನಿಂದ ತಟ್ಟಿ, "ಇದೇನೋ ತಮ್ಮಾ, ಟೊಳ್ಳ ಸಪ್ಪಳ ಬರ್ತೈತಿ" ಅಂದ. ನಾನು ಜಂಬದಿಂದಲೇ ಹೇಳಿದೆ: "ಇದಕ್ಕಾಗಿ ಕಾಡು ಕಡಿದಿಲ್ಲ. ರೈತರ ಹೊಲದಾಗ ಬೆಳೆದ ಪೋಪ್ಲರ್."

ಜಂಬಕ್ಕೆ ಕಾರಣವಿತ್ತು. 1998ರಲ್ಲಿ ನನ್ನ ಪೋಸ್ಟಿಂಗ್ ಹರಿಯಾಣದ ಯಮುನಾನಗರದಲ್ಲಿ. ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ಕಾಡಿನಿಂದಲ್ಲ, ಬೆಳೆಗಾರರಿಂದ ಪಡೆಯಬೇಕು ಎಂಬುದು 1988ರ ಅರಣ್ಯ ನೀತಿ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕಾಡಿನ ಕಡಿತಕ್ಕೆ ಬಿಗಿ ಹಾಕಿದ ಮೇಲಂತೂ ಪ್ಲೈವುಡ್ ಮಿಲ್ಲುಗಳಿಗೆ ಪೋಪ್ಲರೇ ಗತಿ. ಆರೇಳು ವರ್ಷಕ್ಕೆ ಕಟಾವು. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ಬಿಸಿಲು ಕೆಳಗಿಳಿಯುವುದರಿಂದ ನಡುವೆ ಗೋಧಿಯೂ ಬರುತ್ತದೆ. ನಮ್ಮ ಕಡೆ ಈ ಮರ ಹತ್ತುವುದಿಲ್ಲ, ಚಳಿ ಸಾಲದು. ಅರ್ಜಿಗಳಿಗೆ ನಾನು ಖುಷಿಯಿಂದ ಸಹಿ ಹಾಕುತ್ತಿದ್ದೆ, ಕಾಡು ಉಳಿಸುವ ಕೆಲಸಕ್ಕೆ ಸಂಬಳವೂ ಸಿಗ್ತದಲ್ಲ ಅಂತ.

ಅಣ್ಣ ನಿವೃತ್ತ ಮಾಸ್ತರು, ಸುಮ್ಮನೆ ಬಿಡುವವನಲ್ಲ. 1987ರ ನವೆಂಬರ್ 14ರ ಕುಸನೂರಿನ ಕಥೆ ತೆಗೆದ. ಆಗ ಅದು ಧಾರವಾಡ ಜಿಲ್ಲೆ, ಈಗ ಹಾವೇರಿ. ಊರವರು ದನ ಮೇಯಿಸುತ್ತಿದ್ದ ಜಾಗವನ್ನು ಕಾರ್ಖಾನೆಯ ನೀಲಗಿರಿಗೆ ಕೊಟ್ಟಾಗ ಜನ ಆ ಸಸಿ ಕಿತ್ತು ತಮಗೆ ಬೇಕಾದ್ದನ್ನು ಹಚ್ಚಿದರು. 'ಕಿತ್ತಿಕೋ-ಹಚ್ಚಿಕೋ' ಅಂತಲೇ ಅದರ ಹೆಸರು. "ಅದೂ ನೆಟ್ಟ ಮರಾನ ಅಲ್ಲೇನು?" ಅಂತ ಕೇಳಿದ.

ಅದು ಊರ ಜಾಗ, ಇದು ರೈತರ ಸ್ವಂತ ಜಮೀನು ಅಂದೆ. ಅನ್ನುವಾಗಲೇ ಒಂದು ಫೈಲು ನೆನಪಾಯಿತು. ಜಮೀನುದಾರರೊಬ್ಬರು ಎಂಟು ಎಕರೆಗೆ ಸಾಲ ಕೇಳಿದ್ದರು. ಪಹಣಿ ಸರಿ, ಜಾಮೀನು ಸರಿ. ಸ್ಥಳ ನೋಡಲು ಹೋದಾಗ ಗೋಧಿ ಕೊಯ್ಯುತ್ತಿದ್ದವನು ಬೇರೆ. ಬಟಾಯಿಯವನು, ಅಂದರೆ ಪಾಲಿಗೆ ಮಾಡುವವನು. ವರ್ಷದ ಬಾಯಿಮಾತಿನ ಒಪ್ಪಂದ. ಮರ ನೆಟ್ಟರೆ ಆರು ವರ್ಷ ಆ ನೆಲದಲ್ಲಿ ಅವನಿಗೆ ಕೆಲಸವಿಲ್ಲ. ನಡುವಿನ ಗೋಧಿಯನ್ನು ಒಡೆಯರೇ ಬೆಳೆದುಕೊಳ್ಳುತ್ತಾರೆ. ಇದು ಅಲ್ಲೇ ನಿಂತಾಗ ನನಗೆ ಗೊತ್ತಾಗಿತ್ತು. ಆದರೆ ನಮ್ಮ ಫಾರಮ್ಮಿನಲ್ಲಿ ಅವನಿಗೆ ಕಾಲಂ ಇರಲಿಲ್ಲ. ಸಹಿ ಹಾಕಿದೆ.

ತಿರಸ್ಕರಿಸಬೇಕಿತ್ತು ಅಂತ ಈಗಲೂ ಧೈರ್ಯವಾಗಿ ಹೇಳಲಾರೆ. ಆ ಸಾಲ ಇಲ್ಲದಿದ್ದರೆ ಮಿಲ್ಲುಗಳ ಹಸಿವು ಎಲ್ಲಿಗೆ ಹೋಗುತ್ತಿತ್ತು? ಅಜ್ಜನ ಬಾಗಿಲಿಗೆ ಕಡಿದ ಮರದ ಜಾಗದಲ್ಲಿ ಏನು ನೆಟ್ಟರು ಅಂತ ನಮ್ಮ ಮನೆಯಲ್ಲಿ ಒಬ್ಬರೂ ಕೇಳಿದವರಲ್ಲ. ಆದರೂ ಕಾಡು ಉಳಿಸಿದ ಪುಣ್ಯವನ್ನು ನನ್ನ ಖಾತೆಗೆ ಜಮಾ ಮಾಡಿಕೊಂಡು ಖರ್ಚನ್ನು ಇನ್ನೊಬ್ಬನ ಹೆಸರಿಗೆ ಬರೆದದ್ದು ಯಾವ ಲೆಕ್ಕ?

"ಆಂವಾ ಮುಂದ ಏನ್ ಮಾಡಿದ?" ಅಂದ ಅಣ್ಣ.

ಟ್ರಾನ್ಸ್‌ಫರಿಗೆ ಮೊದಲು ಒಮ್ಮೆ ನೋಡಿದ್ದೆ. ಮಿಲ್ಲಿನ ಅಂಗಳದಲ್ಲಿ ಪೋಪ್ಲರಿನ ತೆಳು ಹಾಳೆಗಳನ್ನು ಬಿಸಿಲಿಗೆ ಹರವುತ್ತಿದ್ದ. ಗುರುತು ಹಿಡಿದು "ರಾಮ್ ರಾಮ್ ಸಾಹೇಬ್" ಅಂದ. ಕೂಲಿ ಎಷ್ಟು ಕೊಡ್ತಾರೆ ಅಂತ ನಾನು ಕೇಳಲಿಲ್ಲ.