ಉಪಚರಿಸುವವರನ್ನು ಉಪಚರಿಸುವವರು ಯಾರು?

ಉರ್ದು ಶಾಲೆಯಲ್ಲಿ ಓದಿದವರಿಗೆ ಒಂದು ಗೊಂದಲದ ನೆನಪು ಇದ್ದೇ ಇರುತ್ತದೆ. ‘ಮುಲಾಜಿಮ್’ ಎಂದರೆ ನೌಕರ, ‘ಮುಲ್ಜಿಮ್’ ಎಂದರೆ ಆರೋಪಿ. ಎರಡರ ನಡುವೆ ಇರುವುದು ಒಂದೇ ಒಂದು ‘ಅಲಿಫ್’. ಉಕ್ತಲೇಖನದಲ್ಲಿ ಆ ನೆಟ್ಟನೆಯ ಗೆರೆ ಬಿಟ್ಟುಹೋದರೆ ಪಾಪದ ನೌಕರ ಕಟಕಟೆ ಹತ್ತಿಬಿಡುತ್ತಿದ್ದ. ಉಸ್ತಾದರು ನಮ್ಮ ಕಿವಿ ಹಿಂಡುತ್ತಿದ್ದರು. ಮುಂದೆ ಹೋಟೆಲು, ಖಾನಾವಳಿ, ಲಾಡ್ಜುಗಳಲ್ಲಿ ಕುಳಿತು ಸುತ್ತ ಕಣ್ಣಾಡಿಸುವಾಗ ಅನ್ನಿಸಿದ್ದುಂಟು, ಈ ಅಲಿಫನ್ನು ಬಿಡುವವರು ಶಾಲೆಯ ಮಕ್ಕಳು ಮಾತ್ರವಲ್ಲ. ಗ್ಲಾಸು ಒಡೆದರೆ ಆರೋಪಿ, ಬಿಲ್ಲು ತಪ್ಪಿದರೆ ಆರೋಪಿ, ಗಿರಾಕಿ ಗೊಣಗಿದರಂತೂ ವಿಚಾರಣೆಯೇ ಇಲ್ಲದೆ ಶಿಕ್ಷೆ.

ಹೀಗೆ ಆರೋಪಿಯಂತೆ ನಿಂತ ಮನುಷ್ಯ ಇನ್ನೊಬ್ಬರನ್ನು ಮನಸಾರೆ ಉಪಚರಿಸಬಲ್ಲನೇ? ಅವನನ್ನು ಅಕ್ಕರೆಯಿಂದ ನಡೆಸಿಕೊಂಡರೆ ಅವನು ಒಳ್ಳೆಯ ಮನುಷ್ಯನಾಗುತ್ತಾನೆಯೇ, ಅಥವಾ ಒಳ್ಳೆಯ ಕೆಲಸಗಾರನಾಗುತ್ತಾನೆ ಅಷ್ಟೆಯೇ? ಎರಡೂ ಒಂದೇ ಅಲ್ಲವೆಂಬುದು ನಮ್ಮ ಅನುಮಾನ.

ಈ ಪ್ರಶ್ನೆಯನ್ನು ಎತ್ತಿಕೊಂಡರೆ ಮುಂಬಯಿಯ ತಾಜ್‌ಮಹಲ್ ಹೋಟೆಲನ್ನು ಬಿಟ್ಟು ಮಾತಾಡಲಾಗದು. 1903ರಲ್ಲಿ ಬಾಗಿಲು ತೆರೆದ ಆ ಹೋಟೆಲಿಗೆ 2008ರ ನವೆಂಬರ್ 26ರ ರಾತ್ರಿ ಬಂದೂಕುಧಾರಿಗಳು ನುಗ್ಗಿದರು. 29ರ ಬೆಳಗಿನವರೆಗೆ ಅಲ್ಲಿ ಗುಂಡು, ಬೆಂಕಿ, ಹೊಗೆ. ನಾವಿಲ್ಲಿ ನೆನೆಯುವುದು ಅಲ್ಲಿನ ನೌಕರರನ್ನು. ಅಡುಗೆಮನೆಯ ಓಣಿಗಳು, ಹಿಂಬಾಗಿಲುಗಳು, ಸಾಮಾನು ಸಾಗಿಸುವ ಮೆಟ್ಟಿಲುಗಳು, ಎಲ್ಲವೂ ಅವರಿಗೆ ಗೊತ್ತಿದ್ದವು. ಓಡಿಹೋಗಬೇಕೆಂದಿದ್ದರೆ ಮೊದಲು ಪಾರಾಗಬಹುದಾಗಿದ್ದವರು ಅವರೇ. ಅವರು ಓಡಲಿಲ್ಲ. ಅತಿಥಿಗಳನ್ನು ಕತ್ತಲಲ್ಲಿ ಕೂರಿಸಿದರು, ನೀರು ಕೊಟ್ಟರು, ಗುಂಪುಗುಂಪಾಗಿ ಹೊರಗೆ ದಾಟಿಸಿದರು. ಅಡುಗೆಯವರು ಅತಿಥಿಗಳ ಸುತ್ತ ತಮ್ಮ ಮೈಯನ್ನೇ ಗೋಡೆಯಾಗಿ ನಿಲ್ಲಿಸಿದರು. ಥಾಮಸ್ ವರ್ಗೀಸ್ ಎಂಬ ಹಿರಿಯ ಪರಿಚಾರಕರು ತಮ್ಮ ಪಾಲಿನ ಅತಿಥಿಗಳನ್ನೆಲ್ಲ ಮುಂದೆ ಕಳಿಸಿ, ಕೊನೆಯಲ್ಲಿ ಹೊರಟು ಪ್ರಾಣ ಬಿಟ್ಟರು. ಜನರಲ್ ಮ್ಯಾನೇಜರ್ ಕರಂಬೀರ್ ಕಾಂಗ್ ಅವರ ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳು ಅದೇ ಕಟ್ಟಡದ ಮೇಲಂತಸ್ತಿನಲ್ಲಿ ತೀರಿಕೊಂಡರು. ಅವರು ಆಗಲೂ ಕೆಲಸ ಬಿಟ್ಟು ಹೋಗಲಿಲ್ಲ. ನೌಕರರಲ್ಲಿ 11 ಜನ ಸತ್ತರು.

ಯಾರ ಅಪ್ಪಣೆಯೂ ಇರಲಿಲ್ಲ. ‘ಗಿರಾಕಿಗಾಗಿ ಗುಂಡಿಗೆ ಎದೆಯೊಡ್ಡು’ ಎಂದು ಯಾವ ನೇಮಕಾತಿ ಪತ್ರದಲ್ಲೂ ಬರೆದಿರುವುದಿಲ್ಲ. ಹಾಗಾದರೆ ಇದು ಎಲ್ಲಿಂದ ಬಂತು?

ಹಾರ್ವರ್ಡ್‌ನ ಪ್ರಾಧ್ಯಾಪಕ ರೋಹಿತ್ ದೇಶಪಾಂಡೆ ಮತ್ತು ಅಂಜಲಿ ರೈನಾ ಇದನ್ನೇ ಕೇಳಿಕೊಂಡು 2011ರಲ್ಲಿ ಒಂದು ಲೇಖನ ಬರೆದರು. ಅವರು ಕಂಡುಕೊಂಡ ಸಂಗತಿಗಳು ಸಣ್ಣವು, ಆದರೆ ಕುತೂಹಲದವು. ಈ ಸಂಸ್ಥೆ ಮಹಾನಗರಗಳ ಥಳುಕಿನ ಹುಡುಗರಿಗಿಂತ ಸಣ್ಣ ಊರುಗಳ ಹುಡುಗ ಹುಡುಗಿಯರನ್ನು ಹುಡುಕುತ್ತಿತ್ತು. ಹಿರಿಯರಿಗೆ ಮರ್ಯಾದೆ ಕೊಡುವ ಗುಣವನ್ನು ಅಂಕಪಟ್ಟಿಗಿಂತ ಹೆಚ್ಚಾಗಿ ನೋಡುತ್ತಿತ್ತು. ಉಳಿದ ಹೋಟೆಲುಗಳು 12 ತಿಂಗಳು ತರಬೇತಿ ಕೊಟ್ಟರೆ ಇಲ್ಲಿ 18 ತಿಂಗಳು. ಅತಿಥಿಯ ಮುಂದೆ ಕಂಪೆನಿಯ ಪರವಾಗಿ ಅಲ್ಲ, ಕಂಪೆನಿಯ ಮುಂದೆ ಅತಿಥಿಯ ಪರವಾಗಿ ನಿಲ್ಲಿ ಎಂದು ಕಲಿಸುತ್ತಿದ್ದರು. ಮೇಲಿನವರನ್ನು ಕೇಳದೆಯೇ ಸ್ಥಳದಲ್ಲೇ ತೀರ್ಮಾನ ಮಾಡುವ ಸ್ವಾತಂತ್ರ್ಯವಿತ್ತು. ಒಳ್ಳೆಯ ಕೆಲಸ ಕಂಡಾಗ ಹಣಕ್ಕಿಂತ ಮೊದಲು ಮೆಚ್ಚುಗೆಯ ಮಾತು ಬರುತ್ತಿತ್ತು.

ಇವುಗಳಲ್ಲಿ ನಮಗೆ ಮುಖ್ಯವೆನಿಸಿದ್ದು ಆ ಸ್ವಾತಂತ್ರ್ಯ. ನಂಬಿಕೆ ಇಲ್ಲದ ಕಡೆ ನೌಕರನ ಬುದ್ಧಿಯೆಲ್ಲ ‘ನನ್ನ ಮೇಲೆ ಬಾರದಂತೆ ನೋಡಿಕೊಳ್ಳುವುದು ಹೇಗೆ’ ಎಂಬುದರಲ್ಲೇ ಸವೆದುಹೋಗುತ್ತದೆ. ನಂಬಿದ ಕಡೆ ಆ ಬುದ್ಧಿ ಎದುರಿಗಿರುವ ಮನುಷ್ಯನ ಕಡೆ ತಿರುಗುತ್ತದೆ. ದಿನಕ್ಕೆ ಹತ್ತು ಸಾರಿ ತಾನೇ ಯೋಚಿಸಿ ತೀರ್ಮಾನ ಮಾಡಿದವನಿಗೆ ಆಪತ್ತಿನ ಹೊತ್ತಿನಲ್ಲಿ ಹನ್ನೊಂದನೆಯದೂ ಸಾಧ್ಯವಾದೀತು. ಗುಣವೆಂಬುದು ಅಭ್ಯಾಸದಿಂದ ಬೆಳೆಯುತ್ತದೆಂದು ಅರಿಸ್ಟಾಟಲ್ ಹೇಳಿದ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ತೀರಿಕೊಂಡ ಮಿಸ್ಕವೈಹ್ ತಮ್ಮ ‘ತಹ್‌ಜೀಬುಲ್ ಅಖ್ಲಾಖ್’ ಗ್ರಂಥದಲ್ಲಿ ಅದೇ ದಾರಿಯಲ್ಲಿ ನಡೆದು, ಸ್ವಭಾವವನ್ನು ತಿದ್ದಬಹುದು ಎಂದು ವಾದಿಸಿದರು. ಹೋಟೆಲು ಇಂಥ ಅಭ್ಯಾಸದ ಜಾಗ. ಒಳ್ಳೆಯದೂ ಅಭ್ಯಾಸವಾಗುತ್ತದೆ, ಕೆಟ್ಟದ್ದೂ ಅಭ್ಯಾಸವಾಗುತ್ತದೆ.

ಆದರೆ ಇಲ್ಲಿ ತಡೆದು ನಿಲ್ಲಬೇಕು. ಅದೇ ರಾತ್ರಿ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ವಿಷ್ಣು ಝೆಂಡೆ ಎಂಬ ರೈಲ್ವೆ ಉದ್ಘೋಷಕರು ತಮ್ಮ ಕೋಣೆಯಿಂದ ಧ್ವನಿವರ್ಧಕದಲ್ಲಿ ಪ್ರಯಾಣಿಕರನ್ನು ಎಚ್ಚರಿಸಿ ಹೊರಗೆ ಕಳಿಸುತ್ತಿದ್ದರು. ನಿಲ್ದಾಣದ ಬಳಿ ಚಹಾ ಮಾರುತ್ತಿದ್ದ, ‘ಛೋಟು ಚಾಯ್‌ವಾಲಾ’ ಎಂದೇ ಹೆಸರಾದ ಮುಹಮ್ಮದ್ ತೌಫೀಕ್ ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಲು ಓಡಾಡಿದರು. ಆ ಚಹಾದ ಹುಡುಗನಿಗೆ 18 ತಿಂಗಳ ತರಬೇತಿ ಕೊಟ್ಟವರು ಯಾರು? ಅವರ ಬೆನ್ನು ತಟ್ಟಿದ ಮ್ಯಾನೇಜರ್ ಯಾರು? ತಾಜ್‌ನವರ ಧೈರ್ಯವನ್ನು ಕಂಪೆನಿಯ ಖಾತೆಗೆ ಜಮಾ ಮಾಡುವ ಪಂಡಿತರು ಈ ಚಹಾದಂಗಡಿಯ ಮುಂದೆ ಸ್ವಲ್ಪ ನಿಲ್ಲಬೇಕು. ಒಳ್ಳೆಯತನ ಮನುಷ್ಯರಲ್ಲಿ ಮೊದಲೇ ಇರುತ್ತದೆ. ಒಳ್ಳೆಯ ಧಣಿ ಅದನ್ನು ಸೃಷ್ಟಿಸುವುದಿಲ್ಲ, ಬಹುಶಃ ಅದರ ಕುತ್ತಿಗೆ ಹಿಸುಕುವುದಿಲ್ಲ, ಅಷ್ಟೆ. ಅಷ್ಟಾದರೂ ಸಣ್ಣದಲ್ಲ.

ಇನ್ನೊಂದು ತೊಡಕೂ ಇದೆ. ಅಕ್ಕರೆ ಲಾಭ ತರುತ್ತದೆಂದು ಗೊತ್ತಾದ ಮೇಲೆ ಅದು ಅಕ್ಕರೆಯಾಗಿಯೇ ಉಳಿಯುತ್ತದೆಯೇ? ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನ ಪರಿಚಾರಿಕೆಯರ ಕುರಿತು ಪುಸ್ತಕ ಬರೆದರು. ಮೈಯ ದುಡಿಮೆಯಂತೆ ಮನಸ್ಸಿನದೂ ಒಂದು ದುಡಿಮೆ ಎಂದರು. ನಗು ಬಾರದಾಗ ನಗಬೇಕು, ಸಿಟ್ಟು ಬಂದಾಗ ನುಂಗಬೇಕು, ಅದಕ್ಕೇ ಸಂಬಳ. ದಿನವಿಡೀ ಮಾರಿದ ನಗು ಸಂಜೆ ಮನೆಯ ಮಕ್ಕಳಿಗೆ ಉಳಿಯುವುದಿಲ್ಲ. ‘ನಾವೆಲ್ಲ ಒಂದೇ ಮನೆಯವರು’ ಎಂದು ಗೋಡೆಗೆ ಬರೆಸುವ ಧಣಿಗಳನ್ನು ನಾವು ಕಂಡಿದ್ದೇವೆ. ಮನೆಯವರೆಂಬ ಮಾತು ಹೆಚ್ಚಾಗಿ ನೆನಪಾಗುವುದು ಹೆಚ್ಚಿನ ಹೊತ್ತು ದುಡಿಸಬೇಕಾದಾಗ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಹೋಟೆಲುಗಳ ಬಾಗಿಲು ಮುಚ್ಚಿದಾಗ ಎಷ್ಟೋ ಕಡೆ ಮನೆಯವರನ್ನೇ ಮೊದಲು ಹೊರಗೆ ಕಳಿಸಲಾಯಿತು. ಕೆಲಸಗಾರನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿ(ಸ)ವರ್ಯರ ಉಪದೇಶವನ್ನು ಸಭೆಗಳಲ್ಲಿ ಹೇಳುವ ನಮ್ಮವರ ಖಾನಾವಳಿಗಳಲ್ಲೂ ಸಂಬಳ ಇಪ್ಪತ್ತನೆಯ ತಾರೀಖಿಗೆ ಹೋಗುವುದುಂಟು. ಅನ್ಯರ ಮಾತೇಕೆ?

ಹಾಗಾದರೆ ಧಣಿಯ ಅಕ್ಕರೆಯನ್ನೇ ನಂಬದವರು ಏನು ಮಾಡಬೇಕು? 1957ರಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿ ನೌಕರರನ್ನು ಬೀದಿಗೆ ಬಿಡಲು ಹೊರಟಾಗ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಆ ನೌಕರರೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಎಂ.ಜಿ. ರಸ್ತೆಯ ಹಳೆಯ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಸ್ಥಳ ಬದಲಿಸುವ ಮುನ್ನ ಅಲ್ಲಿ ಕುಳಿತವರಿಗೆ ಜ್ಞಾಪಕವಿರಬಹುದು. ಪೇಟ ಸುತ್ತಿ, ಸೊಂಟಕ್ಕೆ ಪಟ್ಟಿ ಬಿಗಿದ ಆ ಹಿರಿಯರು ಅಷ್ಟೇನೂ ನಗುತ್ತಿರಲಿಲ್ಲ. ಕಾಫಿ ತಂದಿಟ್ಟು ಹೋಗುತ್ತಿದ್ದರು. ಒಂದೇ ಕಾಫಿಗೆ ಎರಡು ಗಂಟೆ ಕೂತರೂ ಏಳಿ ಎನ್ನುತ್ತಿರಲಿಲ್ಲ. ಉರ್ದುವಿನಲ್ಲಿ ‘ಖಿದ್ಮತ್’ ಬೇರೆ, ‘ಗುಲಾಮಿ’ ಬೇರೆ. ಆ ವ್ಯತ್ಯಾಸ ಕಣ್ಣಿಗೆ ಕಾಣುವಂತಿದ್ದರೆ ಹೇಗಿರುತ್ತದೆಂದು ನಮಗೆ ಅಲ್ಲಿ ತಿಳಿಯಿತು.

ಇಷ್ಟೆಲ್ಲ ಬರೆಯುವಾಗ ನಮ್ಮ ಮಾಮುವಿನ ಮುಖ ಮುಂದೆ ಬಂದು ನಿಲ್ಲುತ್ತದೆ. ಅವರು ಹನ್ನೆರಡರ ಪ್ರಾಯದಲ್ಲಿ ಊರು ಬಿಟ್ಟು ಮುಂಬಯಿ ಸೇರಿ, ಕರಾವಳಿಯ ಒಬ್ಬ ಶೆಟ್ಟರ ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆಯುವ ಕ್ಲೀನರ್ ಆದವರು. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಟೇಬಲ್ಲುಗಳನ್ನು ಜೋಡಿಸಿ ಅದರ ಮೇಲೆಯೇ ನಿದ್ದೆ. ಒಡೆದ ಗ್ಲಾಸಿನ ಬೆಲೆ ಸಂಬಳದಲ್ಲಿ ಕಡಿತ. ಈ ಶೆಟ್ಟರನ್ನೇ ಇಟ್ಟುಕೊಂಡು ನಾವು ವರ್ಷಗಳ ಹಿಂದೆ ಒಂದು ಕಥೆ ಬರೆದೆವು. ಕಥೆ ಬರೆಯುವವರಿಗೆ ಒಂದು ದುರಭ್ಯಾಸವಿದೆ, ಗಲ್ಲೆಯ ಮೇಲೆ ಕೂತವನು ಕಣ್ಣಿಗೆ ಬಿದ್ದರೆ ಸಾಕು, ಅವನನ್ನು ದುಷ್ಟನನ್ನಾಗಿ ಮಾಡಿಬಿಡುತ್ತೇವೆ. ಕಥೆ ಅಚ್ಚಾಯಿತು, ನಾಲ್ಕು ಜನ ಮೆಚ್ಚಿದರು. ಮಾಮುವೂ ಓದಿದರು.

‘ಚೆನ್ನಾಗಿದೆ. ಆದರೆ ಒಂದನ್ನು ಬಿಟ್ಟಿದ್ದೀ’ ಅಂದರು.

ಮುಂಬಯಿಯಲ್ಲಿ ಹೋಟೆಲ್ ಹುಡುಗರಿಗೆಂದೇ ಕನ್ನಡಿಗರು ನಡೆಸುತ್ತಿದ್ದ ರಾತ್ರಿ ಶಾಲೆಗಳಿದ್ದವು. ತಟ್ಟೆ ತೊಳೆಯುತ್ತಲೇ ಅಲ್ಲಿ ಓದಿ ಗುಮಾಸ್ತರಾದವರು, ಮೇಷ್ಟ್ರಾದವರು, ಸ್ವಂತ ಹೋಟೆಲು ಹಾಕಿದವರು ಅನೇಕರು. ಶಾಲೆಯ ಹೊತ್ತು ಯಾವುದು? ಸಂಜೆಯ ಹೊತ್ತು, ಅಂದರೆ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತು. ಆಗ ಹುಡುಗನನ್ನು ಬಿಟ್ಟುಕೊಡುವುದೆಂದರೆ ಧಣಿಗೆ ನೇರ ನಷ್ಟ. ಆ ಶೆಟ್ಟರು ಐದು ವರ್ಷ ಮಾಮುವನ್ನು ಪ್ರತಿ ಸಂಜೆ ಬಿಟ್ಟುಕೊಟ್ಟರು. ಪರೀಕ್ಷೆಯ ತಿಂಗಳಲ್ಲಿ ಅವರ ಪಾಲಿನ ತಟ್ಟೆಗಳನ್ನು ಭಟ್ಟಿಯ ಕೆಲಸದವರಿಗೆ ಹಂಚಿದರು.

‘ಅವರು ಬಿಡದಿದ್ದರೆ ನಿನ್ನ ಈ ಕಥೆ ಓದಲು ನನಗೆಲ್ಲಿ ಬರುತ್ತಿತ್ತು?’

ನಮ್ಮಲ್ಲಿ ಉತ್ತರವಿತ್ತು. ಹನ್ನೆರಡರ ಹುಡುಗ ಇರಬೇಕಾದದ್ದು ಹಗಲು ಶಾಲೆಯಲ್ಲಿ. ಹೋಟೆಲು ಡಾಬಾಗಳಲ್ಲಿ 14ರೊಳಗಿನ ಮಕ್ಕಳನ್ನು ದುಡಿಸಬಾರದೆಂಬ ಆದೇಶ ಜಾರಿಗೆ ಬರಲು 2006ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಬಾಲ್ಯವನ್ನು ಕಿತ್ತುಕೊಂಡು ರಾತ್ರಿ ಶಾಲೆಯ ಎರಡು ಗಂಟೆ ಹಿಂದಿರುಗಿಸುವುದು ಉಪಕಾರವೇ, ಮಾಮು? ಹೀಗೆಂದು ಕೇಳಿಯೂ ಕೇಳಿದೆವು.

ಮಾಮು ಬಹಳ ಹೊತ್ತು ಸುಮ್ಮನಿದ್ದರು. ‘ಅದೂ ಸರಿ’ ಅಂದರು. ‘ಆದರೆ ಕಿತ್ತುಕೊಂಡದ್ದು ಶೆಟ್ಟರಲ್ಲವಲ್ಲ. ಊರಿನ ಹಸಿವು. ಅವರು ಹಿಂದಿರುಗಿಸಿದ್ದು ಮಾತ್ರ ನಿಜ. ಗ್ಲಾಸಿನ ದುಡ್ಡು ಮುರಿದದ್ದೂ ನಿಜ. ಎರಡನ್ನೂ ಬರೆ.’

ಎರಡನ್ನೂ ಬರೆಯುವುದು ಕಷ್ಟ. ನಾವು ಇನ್ನೂ ಆ ಕಥೆಯನ್ನು ತಿದ್ದಿಲ್ಲ. ಆದರೆ ಮಾಮುವನ್ನು ನೋಡುತ್ತಾ ಒಂದು ಸಂಗತಿ ಗಮನಕ್ಕೆ ಬಂದಿದೆ. ಆ ಹೋಟೆಲು ಅವರಲ್ಲಿ ಉಳಿಸಿದ್ದು ಶೆಟ್ಟರ ಮೇಲಿನ ನಿಷ್ಠೆಯನ್ನಷ್ಟೇ ಅಲ್ಲ. ತಾನು ಪಡೆದದ್ದನ್ನು ಅವರು ಶೆಟ್ಟರಿಗೆ ತೀರಿಸಲು ಹೋಗಲೇ ಇಲ್ಲ.

ಹೋದ ರಂಜಾನ್ ಕಳೆದ ವಾರ ಅವರೊಂದಿಗೆ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋಗಿದ್ದೆವು. ಚಹಾ ಕುಡಿಯುತ್ತಿದ್ದಾಗ ಸಪ್ಲಾಯರ್ ಹುಡುಗನ ಕೈಯಿಂದ ಗ್ಲಾಸು ಜಾರಿ ಚೂರಾಯಿತು. ಹುಡುಗನೆಂದರೆ ಇಪ್ಪತ್ತು ಇಪ್ಪತ್ತೆರಡರವನು. ಹೊರಡುವಾಗ ಮಾಮು ಗಲ್ಲೆಯವರನ್ನು ಕೇಳಿದರು, ‘ಆ ಗ್ಲಾಸಿನದು ಹುಡುಗನ ಪಗಾರದಲ್ಲಿ ಹಿಡಿಯುತ್ತೀರೇನು?’ ಗಲ್ಲೆಯವರು ನಕ್ಕರು. ‘ಛೆ, ಛೆ, ಎಲ್ಲಾದರೂ ಉಂಟೆ ಸಾಹೇಬ್ರೆ. ನಮ್ಮ ಮನೆ ಹುಡುಗನ ಹಾಗೆ ಅವನು.’

ಮಾಮು ಮೆಟ್ಟಿಲಿಳಿದರು. ಹುಡುಗ ಹೊರಗೆ ಬಕೆಟ್ಟು ಹಿಡಿದು ನಿಂತಿದ್ದ. ‘ಬೇಟಾ, ಹಿಡಿಯುತ್ತಾರೇನು?’ ಎಂದು ಅವನನ್ನೂ ಕೇಳಿದರು. ಹುಡುಗ ಮಾತಾಡಲಿಲ್ಲ, ಒಮ್ಮೆ ಗಲ್ಲೆಯ ಕಡೆ ನೋಡಿದ. ಮಾಮು ಜೇಬಿನಿಂದ ಇಪ್ಪತ್ತರ ನೋಟು ತೆಗೆದು, ನಾಲ್ಕು ಮಡಿಕೆ ಮಾಡಿ ಅವನ ಅಂಗಿಯ ಕಿಸೆಯಲ್ಲಿಟ್ಟು ರಸ್ತೆ ದಾಟಿದರು.