ವೈಶಾಖದ ಬಿಸಿಲು, ಸಂಜೆಯ ಸಿಡಿಲು ಮತ್ತು ಶ್ರಾವಕನ ವ್ರತ

ಶ್ರೀ ವೀತರಾಗಾಯ ನಮಃ



ಚೈತ್ರ ವೈಶಾಖಗಳು ಬಂದುವೆಂದರೆ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಶ್ರಾವಕಗೃಹಗಳಲ್ಲಿ ವ್ರತಕ್ಕೆ ಎರಡು ಪರೀಕ್ಷೆಗಳು ಒದಗುತ್ತವೆ. ಮಧ್ಯಾಹ್ನದವರೆಗೆ ಸುಡುವ ಬಿಸಿಲು. ಅದರ ಬೆನ್ನಿಗೇ ಗುಡುಗು, ಮಿಂಚು, ಬಿರುಮಳೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರು ತಂಪಿಗೆ ಹೆಸರಾದ ಊರು. ಆದರೂ 2016ರ ಏಪ್ರಿಲ್ 24ರಂದು ಇಲ್ಲಿಯ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. 2024ರ ಏಪ್ರಿಲ್ 28ರಂದು 38.5 ಡಿಗ್ರಿ ಮುಟ್ಟಿತ್ತು. ಏಪ್ರಿಲ್ 24ರ ಸುಮಾರಿಗೆ ನಡುಹಗಲಿನಲ್ಲಿ ಸೂರ್ಯನು ಈ ಊರಿನ ನೆತ್ತಿಯ ಮೇಲೆಯೇ ನಿಲ್ಲುವುದರಿಂದ ನೆಟ್ಟ ಕಂಬಕ್ಕೆ ಪಕ್ಕದ ನೆರಳೂ ಇರುವುದಿಲ್ಲ.

ಬಿಸಿಲು ವ್ರತಿಯ ಶಕ್ತಿಯನ್ನು ಅಳೆಯುತ್ತದೆ. ಸಿಡಿಲಮಳೆ ಅವನ ಎಚ್ಚರವನ್ನು ಅಳೆಯುತ್ತದೆ. ಶಕ್ತಿಯನ್ನರಿತು ವ್ರತವನ್ನು ಸ್ವೀಕರಿಸಬೇಕು, ಎಚ್ಚರದಿಂದ ಅದನ್ನು ಪಾಲಿಸಬೇಕು. ಈ ಋತುವು ಕಲಿಸುವ ಪಾಠ ಇದೇ.

ಇಪ್ಪತ್ತೆರಡು ಪರೀಷಹಗಳಲ್ಲಿ ಕ್ಷುಧೆ, ತೃಷೆ, ಶೀತ, ಉಷ್ಣಗಳು ಮೊದಲ ನಾಲ್ಕು. ಗ್ರೀಷ್ಮದಲ್ಲಿ ಗಿರಿಶಿಖರದ ಕಾದ ಬಂಡೆಯ ಮೇಲೆ ಆತಾಪನ ಯೋಗ, ವರ್ಷಾಕಾಲದಲ್ಲಿ ವೃಕ್ಷಮೂಲ, ಶೀತಕಾಲದಲ್ಲಿ ತೆರೆದ ಆಕಾಶದಡಿ ನಿಲ್ಲುವುದು, ಇವು ಮಹಾಮುನಿಗಳ ಸಾಧನೆ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಚಾವುಂಡರಾಯನು 981ರಲ್ಲಿ ಪ್ರತಿಷ್ಠಾಪಿಸಿದ, ಸುಮಾರು 58 ಅಡಿ ಎತ್ತರದ ಬಾಹುಬಲಿಸ್ವಾಮಿಯ ಮೂರ್ತಿಗೆ ಮೇಲೆ ಚಾವಣಿಯಿಲ್ಲ. ಬಿಸಿಲಿಗೂ ಮಳೆಗೂ ಒಂದೇ ಮುಖಮುದ್ರೆ. ಆ ಸಮತೆಯು ಶ್ರಾವಕನಿಗೆ ಗುರಿ. ಆದರೆ ಗುರಿಯನ್ನು ಕಂಡವನು ತಾನು ಯಾವ ಮೆಟ್ಟಿಲ ಮೇಲೆ ನಿಂತಿರುವೆನೆಂಬುದನ್ನು ಮರೆಯಬಾರದು.

ಚಾಮರಾಜಪೇಟೆಯ ಒಂದು ಮನೆಯನ್ನು ನೆನೆಯೋಣ. ಅಲ್ಲಿಯ ಹಿರಿಯ ತಾಯಿಗೆ ಅಷ್ಟಮಿ ಚತುರ್ದಶಿಗಳಲ್ಲಿ ನೀರನ್ನೂ ಮುಟ್ಟದ ಉಪವಾಸ, ಅದೂ ನಲವತ್ತು ವರ್ಷಗಳಿಂದ. ವೈಶಾಖದ ಚತುರ್ದಶಿಯಂದು ಮೂರು ಗಂಟೆಗೆ ಅವರಿಗೆ ತಲೆಸುತ್ತು ಬಂದಿತು. “ಅತ್ತೆ, ಕುದಿಸಿ ಆರಿಸಿದ ನೀರಿದೆ, ಒಂದು ಲೋಟವನ್ನಾದರೂ ತೆಗೆದುಕೊಳ್ಳಿ” ಎಂದಳು ಸೊಸೆ. “ಇಷ್ಟು ವರ್ಷ ಬಿಡದುದನ್ನು ಈಗ ಬಿಡಲೇನಮ್ಮ?” ಎಂದರು ಅತ್ತೆ. ಸಂಜೆಯವರೆಗೂ ಮನೆಮಂದಿಯೆಲ್ಲ ಹೆದರಿ ಕುಳಿತರು. ಜಪಮಾಲೆ ಕೈಯಲ್ಲಿದ್ದರೂ ಆ ತಾಯಿಯ ಮನಸ್ಸು ಗಡಿಯಾರದ ಮುಳ್ಳನ್ನೇ ಎಣಿಸುತ್ತಿತ್ತು.

ಉಪವಾಸವೆಂದರೆ ಆತ್ಮನ ಸಮೀಪದಲ್ಲಿ ವಾಸ. ಮನಸ್ಸು ಇಡೀ ದಿನ ದೇಹದ ಸಂಕಟದಲ್ಲೇ ನೆಲೆಸಿದರೆ ಅದು ಆರ್ತಧ್ಯಾನವಾಗುತ್ತದೆ. ಹೊಟ್ಟೆ ಬರಿದಾದರೂ ಕರ್ಮನಿರ್ಜರೆಯ ಫಲ ದೊರೆಯದು. ತೀರ್ಥಂಕರತ್ವಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗ, ತಪಗಳನ್ನು ಹೇಳುವಾಗ ಆಚಾರ್ಯ ಉಮಾಸ್ವಾಮಿಗಳು ‘ಶಕ್ತಿಗೆ ತಕ್ಕಂತೆ’ ಎಂಬ ಮಾತನ್ನು ಸೇರಿಸಿರುವುದು ಗಮನಾರ್ಹ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇದನ್ನೇ ಮೆಟ್ಟಿಲು ಮೆಟ್ಟಿಲಾಗಿ ವಿವರಿಸಿದ್ದಾರೆ. ಉಪವಾಸಕ್ಕೆ ಅಸಮರ್ಥರಾದವರು ನೀರನ್ನು ಮಾತ್ರ ಸ್ವೀಕರಿಸುವ ಅನುಪವಾಸವನ್ನು ಮಾಡಬಹುದು. ಅದಕ್ಕೂ ಅಸಮರ್ಥರಾದವರು ಆಚಾಮ್ಲ, ನಿರ್ವಿಕೃತಿ ಮೊದಲಾದುವನ್ನು ಕೈಗೊಳ್ಳಬಹುದು. ಆದುದರಿಂದ ಕೆಳಗಿನ ಮೆಟ್ಟಿಲು ಸೋಲಲ್ಲ. ಅದೂ ಶಾಸ್ತ್ರವು ತೋರಿದ ಮಾರ್ಗವೇ.

ಆದರೆ ಈ ನಿರ್ಣಯವನ್ನು ಮಾಡಬೇಕಾದುದು ವ್ರತವನ್ನು ಸ್ವೀಕರಿಸುವ ಮುನ್ನ, ಬಾಯಾರಿದ ಮೇಲಲ್ಲ. ಸ್ವೀಕರಿಸಿದ ನಿಯಮವನ್ನು ಅನುಕೂಲಕ್ಕಾಗಿ ಸಡಿಲಿಸುವುದು ಶಿಥಿಲಾಚಾರ. ಪ್ರಾಣಕ್ಕೇ ಅಪಾಯವೆಂದು ವೈದ್ಯರು ಹೇಳಿದಾಗ ಮಾತ್ರ ನೀರನ್ನು ಸ್ವೀಕರಿಸಿ, ಬಳಿಕ ಗುರುಗಳ ಸನ್ನಿಧಿಯಲ್ಲಿ ಪ್ರಾಯಶ್ಚಿತ್ತವನ್ನು ಪಡೆಯುವುದು ಉಚಿತ. ಆ ತಾಯಿಯು ಮುಂದಿನ ಚತುರ್ದಶಿಯಂದು ಬಸದಿಯಲ್ಲಿ ಜಿನಬಿಂಬದ ಮುಂದೆ ನಿಂತು, ಎಲ್ಲರಿಗೂ ಕೇಳಿಸುವಂತೆ ಅನುಪವಾಸದ ನಿಯಮವನ್ನು ಸ್ವೀಕರಿಸಿದರು. ನಾಲಗೆ ತಡವರಿಸಿತು. ನಲವತ್ತು ವರ್ಷ ಅನ್ನವನ್ನು ಬಿಟ್ಟವರಿಗೆ ಅಂದು ಬಿಡಬೇಕಾಗಿದ್ದುದು ‘ನಾನು ಬಿಟ್ಟಿಲ್ಲ’ ಎಂಬ ಮಾನಕಷಾಯ. ಅದೇ ಅಂದಿನ ನಿಜವಾದ ತಪಸ್ಸು.

ಇನ್ನು ಸಂಜೆಯ ಪರೀಕ್ಷೆ. ಕಾದ ನೆಲದಿಂದ ಬಿಸಿಗಾಳಿ ಮೇಲೇರಿ, ಸಮುದ್ರದ ಕಡೆಯಿಂದ ಬಂದ ತೇವವನ್ನು ಎತ್ತಿಕೊಂಡು ಹೋಗಿ, ಎತ್ತರದಲ್ಲಿ ತಣಿದು ಮೋಡವಾಗುತ್ತದೆ. ನೆಲ ಚೆನ್ನಾಗಿ ಕಾಯುವುದು ಮಧ್ಯಾಹ್ನಕ್ಕೆ. ಆದುದರಿಂದ ಗುಡುಗುಮಳೆಯೂ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ ಬೀಳುತ್ತದೆ. ಅನಸ್ತಮಿತ ವ್ರತವುಳ್ಳ ಮನೆಗಳಲ್ಲಿ ಸಂಜೆಯೂಟದ ಹೊತ್ತೂ ಅದೇ. ನಾಲ್ಕೂವರೆಗೇ ಕತ್ತಲು ಕವಿಯುತ್ತದೆ, ವಿದ್ಯುತ್ತು ಹೋಗುತ್ತದೆ. ಆಗ ಉಣ್ಣಬಹುದೇ ಎಂಬ ಪ್ರಶ್ನೆ ಹುಟ್ಟುವುದು ಸಹಜ.

ಮೋಡದ ಹಿಂದಿರುವ ಸೂರ್ಯ ಅಸ್ತಮಿಸಿಲ್ಲ. ಕಾಲದ ದೃಷ್ಟಿಯಿಂದ ದೋಷವಿಲ್ಲ. ಆದರೆ ಅಹಿಂಸಾವ್ರತದ ಐದು ಭಾವನೆಗಳಲ್ಲಿ ‘ಆಲೋಕಿತಪಾನಭೋಜನ’ ಒಂದು. ಅನ್ನಪಾನಗಳನ್ನು ಕಣ್ಣಾರೆ ನೋಡಿಯೇ ಸ್ವೀಕರಿಸಬೇಕೆಂಬುದು ಅದರ ತಾತ್ಪರ್ಯ. ಮೊದಲ ಮಳೆಗಳ ಬಳಿಕ ರೆಕ್ಕೆ ಬಂದ ಗೆದ್ದಲುಗಳು, ಜನರು ಮಳೆಹುಳುಗಳೆನ್ನುವ ಜೀವಗಳು, ನೆಲದಿಂದೆದ್ದು ದೀಪಕ್ಕೆ ಮುತ್ತುತ್ತವೆ. ರೆಕ್ಕೆ ಕಳಚಿ ತಟ್ಟೆಯಲ್ಲಿ, ಲೋಟದಲ್ಲಿ ಬೀಳುತ್ತವೆ. ದೀಪವಿದ್ದರೆ ಸಾಕಲ್ಲವೇ ಎಂದು ರಾತ್ರಿಭೋಜನವನ್ನು ಸಮರ್ಥಿಸುವವರಿಗೆ ಆ ದೀಪದ ಕೆಳಗಿನ ರೆಕ್ಕೆಗಳ ರಾಶಿಯೇ ಉತ್ತರ. ಹಗಲಿನ ಮಳೆಗತ್ತಲಿನಲ್ಲಿಯೂ ಕಣ್ಣಿಗೆ ಸ್ಪಷ್ಟವಾಗಿ ಕಾಣದಿದ್ದರೆ ಬೆಳಕಾಗುವವರೆಗೆ ಕಾಯುವುದು ಲೇಸು. ಮೇ ತಿಂಗಳಲ್ಲಿ ಬೆಂಗಳೂರಿನ ಸೂರ್ಯಾಸ್ತ 6-30ಕ್ಕೂ 6-45ಕ್ಕೂ ನಡುವೆ ಆಗುತ್ತದೆ. ಅದಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಯುವುದು ಉತ್ತಮ. ಮಳೆಯ ಲಕ್ಷಣ ಕಂಡ ಮನೆಯಲ್ಲಿ ಅಡುಗೆಯೂ ಬೇಗ ಮುಗಿಯಲಿ.

ಅದೇ ಮನೆಯ ಮಗ ಒಂದು ಸಂಜೆ ಮಳೆಗೆ ಸಿಕ್ಕಿ, ದಾರಿಯುದ್ದಕ್ಕೂ ವಾಹನಗಳು ನಿಂತು, ದೀಪ ಹಚ್ಚಿದ ಮೇಲೆ ಮನೆ ಸೇರಿದನು. ತಾಯಿಯ ಕರುಳು ಕೇಳಬೇಕಲ್ಲ. “ಮಳೆ ಬಂದುದು ನಿನ್ನ ತಪ್ಪೇನಪ್ಪ, ಎರಡು ತುತ್ತು ತಿನ್ನು” ಎಂದರು. “ಮಳೆಯದೂ ತಪ್ಪಿಲ್ಲಮ್ಮ, ನಾಳೆ ಬೆಳಿಗ್ಗೆ ಉಣ್ಣುತ್ತೇನೆ” ಎಂದು ಅವನು ನಗುತ್ತ ಒದ್ದೆ ಬಟ್ಟೆ ಬದಲಿಸಲು ಹೋದನು. ಮರುದಿನದಿಂದ ಡಬ್ಬಿಯಲ್ಲಿ ಸಂಜೆಯ ಊಟವೂ ಅವನೊಡನೆ ಕಚೇರಿಗೆ ಹೊರಟಿತು. ಮಳೆಯನ್ನು ದೂರದೆ, ವ್ರತವನ್ನು ಬಿಡದೆ, ದಾರಿ ಹುಡುಕುವುದೇ ಎಚ್ಚರ.

ಕಮಠನ ಜೀವವು ಏಳು ದಿನ ಸಿಡಿಲು ಬಿರುಮಳೆಗಳನ್ನು ಸುರಿಸಿದಾಗ ಪಾರ್ಶ್ವಸ್ವಾಮಿಯು ಉಪಸರ್ಗ ಮಾಡಿದವನನ್ನು ದ್ವೇಷಿಸಲಿಲ್ಲ, ಹೆಡೆಯೆತ್ತಿ ಕಾಪಾಡಿದ ಧರಣೇಂದ್ರನಲ್ಲಿ ರಾಗವನ್ನೂ ತಾಳಲಿಲ್ಲ. ಆ ಸಮತೆಯ ಒಂದು ಕಣವಾದರೂ ನಮ್ಮ ಮನೆಗಳಿಗೆ ಬೇಕು.

ಈ ಬಿಸಿಲಿನ ನಡುವೆಯೇ ಅಕ್ಷಯ ತೃತೀಯೆ ಬರುತ್ತದೆ. ಆದಿನಾಥಸ್ವಾಮಿಯು ಆರು ತಿಂಗಳ ಅನಶನಯೋಗವನ್ನು ಮುಗಿಸಿ ಚರ್ಯೆಗೆ ಹೊರಟಾಗ ಜನರಿಗೆ ಆಹಾರದಾನದ ವಿಧಿಯೇ ತಿಳಿದಿರಲಿಲ್ಲ. ತಿಂಗಳುಗಳು ಕಳೆದ ಮೇಲೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಇಕ್ಷುರಸವನ್ನು ವಿಧಿಪೂರ್ವಕವಾಗಿ ನೀಡಿದನು. ಜೈನರು ಹಬ್ಬವಾಗಿ ಆಚರಿಸುವುದು ಸ್ವಾಮಿಯು ಆಹಾರವನ್ನು ಸ್ವೀಕರಿಸಿದ ದಿನವನ್ನು. ಬಿಡುವುದು ಎಷ್ಟು ಧರ್ಮವೋ, ಯೋಗ್ಯವಾದುದನ್ನು ಯೋಗ್ಯಕಾಲದಲ್ಲಿ ಸಮಚಿತ್ತದಿಂದ ಕೊಡುವುದೂ ಕೊಳ್ಳುವುದೂ ಅಷ್ಟೇ ಧರ್ಮ. ಬಿಸಿಲಿನಲ್ಲಿ ಬಳಲಿದ ಹಿರಿಯರ ಕೈಗೆ ಸೋಸಿ ಕುದಿಸಿದ ನೀರನ್ನು ಕೊಡುವ ಸೊಸೆಯೂ, ಮಾನವನ್ನು ಬಿಟ್ಟು ಅದನ್ನು ಸ್ವೀಕರಿಸುವ ಅತ್ತೆಯೂ ಆ ಪರಂಪರೆಗೇ ಸೇರಿದವರು.

ಎಲ್ಲರ ವ್ರತಗಳೂ ನಿರ್ವಿಘ್ನವಾಗಿ ಸಾಗಲಿ.

ಶುಭಂ ಭೂಯಾತ್.