ಬಿಡಿ ಖರ್ಚು, ಇಡೀ ಲೆಕ್ಕ

ಒಟ್ಟಿಗೆ ನಲವತ್ತು ಸಾವಿರ ತೆಗೆಯಲು ಮನಸ್ಸು ಬಾರದವರು ಕಂಪ್ಯೂಟರನ್ನು ಬಿಡಿಬಿಡಿಯಾಗಿ ಹೊಸದು ಮಾಡುತ್ತಾರೆ. ಈ ವರ್ಷ ರ‍್ಯಾಮ್, ದೀಪಾವಳಿಗೆ ಎಸ್‌ಎಸ್‌ಡಿ, ಆಮೇಲೆ ಮಾನಿಟರ್. ಅಹಮದಾಬಾದ್, ಸೂರತ್, ವಡೋದರಾಗಳಲ್ಲಿ ಬ್ಯಾಂಕ್ ನೌಕರಿ ಮಾಡಿ, ನಿವೃತ್ತನಾದ ಮೇಲೆ ವಡೋದರಾದಲ್ಲೇ ಉಳಿದ ನಾನೂ ಅದೇ ಗುಂಪಿನವನು. ಇದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಪ್ರಶ್ನೆ ಇದೆ. ನಲವತ್ತು ಸಾವಿರಕ್ಕೆ ಮನೆಯವರ ಒಪ್ಪಿಗೆ ಬೇಕು ಅನ್ನುವವರಿಗೆ ಎರಡೆರಡು ಸಾವಿರಕ್ಕೆ ಅದು ಬೇಡವೇ?

ನಾವು ಕರಾವಳಿಯವರು, ಪಿಗ್ಮಿ ಬಲ್ಲವರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಉಡುಪಿಯ ಬ್ಯಾಂಕು 1928ರಲ್ಲಿ ಅದನ್ನು ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಕಲಿಸಿದ ಪಾಠ ಹೋಗಿಲ್ಲ. ಬಿಡಿ ಖರ್ಚು ಅಂದರೆ ತಿರುಗಿ ನಿಂತ ಪಿಗ್ಮಿ. ವ್ಯತ್ಯಾಸ ಇಷ್ಟೇ: ಒಟ್ಟು ಎಷ್ಟಾಯಿತು ಅಂತ ಹೇಳಲು ಇದಕ್ಕೆ ಪಾಸ್‌ಬುಕ್ ಇಲ್ಲ.

ಕಾಮರ್ಸ್ ಓದಿದವರಿಗೆ ಇನ್ನೊಂದು ಮಾತು ಹೊಳೆಯುತ್ತದೆ. ಕೆಟ್ಟ ಕೀಬೋರ್ಡ್ ಬದಲಿಸಿದರೆ ಅದು ರಿಪೇರಿ. ನಾಲ್ಕು ಜಿಬಿ ರ‍್ಯಾಮನ್ನು ಹದಿನಾರು ಮಾಡಿದರೆ ಅದು ಬಂಡವಾಳ. ಬಂಡವಾಳ ತನ್ನ ಹಿಂದೆ ಇನ್ನಷ್ಟು ಖರ್ಚನ್ನು ಎಳೆದು ತರುತ್ತದೆ. ಡಿಡಿಆರ್3 ಬೋರ್ಡಿಗೆ ಡಿಡಿಆರ್4 ಕೂರುವುದಿಲ್ಲ. ಬೋರ್ಡ್ ಬದಲಿಸಿದರೆ ಪ್ರೊಸೆಸರ್ ಕೂಡ ಬದಲಾಗಬೇಕಾಗುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಟಿಪಿಎಂ 2.0 ಕೇಳುತ್ತದೆ. ಚೆನ್ನಾಗಿ ಓಡುತ್ತಿದ್ದ ಎಷ್ಟೋ ಯಂತ್ರಗಳು ಅಲ್ಲಿಗೆ ಹಳತಾದವು.

ನನ್ನ ಮಟ್ಟಿಗೆ ಇದು ಬರೀ ದುಡ್ಡಿನ ಮಾತಲ್ಲ. ಕುಂದಾಪುರದಲ್ಲಿರುವ ಅಕ್ಕನಿಗೆ ಎಂಬತ್ತೆರಡು. ಕಿವಿ ಮಂದ, ಎದುರಿನವರ ತುಟಿ ನೋಡಿದರೇನೇ ಅವಳಿಗೆ ಮಾತು ತಿಳಿಯುವುದು. ನನಗೋ ಕಣ್ಣಿನ ತೊಂದರೆ, ಮೊಬೈಲಿನ ಸಣ್ಣ ಪರದೆ ಆಗದು. ಹಾಗಾಗಿ ನಮ್ಮನೆಯಲ್ಲಿ ಕಂಪ್ಯೂಟರ್ ಶೋಕಿಯಲ್ಲ. ಆದರೂ ನನ್ನಾಕೆ ಒಂದು ದಿನ ಕೇಳಿದಳು: "ಅತ್ತಿಗೆ ಮುಖ ಚೆನ್ನಾಗಿ ಕಾಣುತ್ತೆ, ನಿಜ. ಪಕ್ಕದಲ್ಲಿ ಕೂರೋಕಾಗುತ್ತೇನ್ರೀ?"

ಓಖಾ–ಎರ್ನಾಕುಲಂ ರೈಲು ನಾನು ದುಡಿದ ಮೂರೂ ಊರು ಮುಟ್ಟಿ, ಕೊಂಕಣ ದಾರಿ ಹಿಡಿದು ಉಡುಪಿಗೆ ಹೋಗುತ್ತದೆ. ಒಂದೊಂದು ಬಿಡಿಭಾಗದ ಬೆಲೆ ಹೆಚ್ಚುಕಡಿಮೆ ಒಂದು ಪ್ರಯಾಣದ ಖರ್ಚು. ಚಿತ್ರ ಚಂದವಾದಷ್ಟೂ "ಹೇಗೂ ನೋಡ್ತಾ ಇದ್ದೀವಲ್ಲ" ಅಂತ ಪ್ರಯಾಣ ಮುಂದಕ್ಕೆ ಹೋಗುತ್ತದೆ. ಊರು ಬಿಟ್ಟವರ ಕತೆಯೇ ಹೀಗೆ. ಜೀವನಪೂರ್ತಿ ಹೊರಗಿರುತ್ತೇನೆ ಅಂತ ಯಾರೂ ಹೊರಡುವುದಿಲ್ಲ. ಇನ್ನೊಂದು ವರ್ಷ, ಇನ್ನೊಂದು ವರ್ಷ ಅಂತಲೇ ಮೂವತ್ತು ಕಳೆಯುತ್ತದೆ.

ಇಲ್ಲಿನ ವ್ಯಾಪಾರಿಗಳು ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುತ್ತಾರೆ, ಚೋಪಡಾ ಪೂಜೆ ಅಂತ. ಲೆಕ್ಕ ಬರೆಯುವುದೂ ಒಂದು ನಡತೆ ಅನ್ನುವುದು ಅದರ ಅರ್ಥ ಎಂದು ನಾನು ತಿಳಿದಿದ್ದೇನೆ. ನಾವೂ ಒಂದು ನೋಟ್‌ಬುಕ್ ತೆರೆದಿದ್ದೇವೆ. ಎಡ ಪುಟದಲ್ಲಿ ಕಂಪ್ಯೂಟರ್, ಬಲ ಪುಟದಲ್ಲಿ ಊರಿನ ಪ್ರಯಾಣ, ಕೆಳಗೆ ಒಟ್ಟು ಮೊತ್ತ. ಬಲ ಪುಟ ಖಾಲಿ ಇರುವ ವರ್ಷ ಎಡ ಪುಟದಲ್ಲಿ ರಿಪೇರಿ ಬಿಟ್ಟು ಬೇರೇನೂ ಬರೆಯುವಂತಿಲ್ಲ. ಈ ಕರಾರಿಗೆ ಇಬ್ಬರೂ ಸಹಿ ಹಾಕಿದ್ದೇವೆ.